ದ್ರಾಕ್ಷಿ ಬಳ್ಳಿಗೆ ಕ್ಷೌರ

ತಂಗಿಯದು ಪಾರ್ಲರ್ ಕೆಲಸ. ಕೆದರಿದ್ದು ಏನೇ ಕಂಡರೂ ಅವಳ ಕೈ ಸುಮ್ಮನಿರುವುದಿಲ್ಲ. ಬಸ್ಸಿನಲ್ಲಿ ಮುಂದೆ ಕೂತವರ ಜಡೆ ಸರಿಮಾಡಲು ಹೋಗಿ ಬೈಸಿಕೊಂಡ ಹೆಂಗಸು ಅವಳು. ಅಂಥವಳ ಕೈಗೆ ಅಕ್ಕ ತೋಟ ಒಪ್ಪಿಸಿದಳು.

ಬೇರೆ ದಾರಿಯೂ ಇರಲಿಲ್ಲ. ಅಕ್ಕ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡು ಆಸ್ಪತ್ರೆ ಸೇರಿದ್ದಳು. ಭಾವ ತೀರಿಕೊಂಡ ದಿನ ತಂಗಿ ಬಂದಿರಲಿಲ್ಲ. ಮದುಮಗಳೊಬ್ಬಳು ಅರ್ಧ ತಲೆಗೆ ಬಣ್ಣ ಹಚ್ಚಿಸಿಕೊಂಡು ಕುರ್ಚಿಯಲ್ಲಿ ಕೂತಿದ್ದಳು, ಬಿಟ್ಟು ಹೋಗಲಾಗಲಿಲ್ಲ. ಅಂದಿನಿಂದ ಅಕ್ಕತಂಗಿಯರ ನಡುವೆ ಮಾತು ಹೆಚ್ಚುಕಮ್ಮಿ ನಿಂತೇ ಹೋಗಿತ್ತು. ಈಗ ತಂಗಿ ದಿನಾ ಆಸ್ಪತ್ರೆಗೆ ಹೋಗಿ ಅಕ್ಕನ ತಲೆ ಬಾಚುತ್ತಿದ್ದಳು. ಆ ಹಳೆಯ ವಿಷಯವನ್ನು ಮಾತ್ರ ಇಬ್ಬರೂ ಎತ್ತಲಿಲ್ಲ. ಹೇಗಾದರೂ ಮಾಡಿ ಅಕ್ಕನ ಮನಸ್ಸು ಗೆಲ್ಲಬೇಕು, ತಂಗಿಗೆ ಅದೊಂದೇ ಚಿಂತೆ.

ಹಿತ್ತಲ ತೋಟವನ್ನು ಭಾವ ಕಾಡಿನ ರೀತಿಯಲ್ಲೇ ಬೆಳೆಸಿದ್ದರು. ದೊಡ್ಡ ಮರದ ಕೆಳಗೆ ಚಿಕ್ಕ ಮರ, ಅದರ ಕೆಳಗೆ ಪೊದೆ, ಪೊದೆಯ ಕೆಳಗೆ ಸೊಪ್ಪು. ಹಿಪ್ಪುನೇರಳೆ ಮರಕ್ಕೆ ದ್ರಾಕ್ಷಿ ಬಳ್ಳಿಯೊಂದು ಹಬ್ಬಿತ್ತು. ಅವರು ಕೊನೆಯದಾಗಿ ನೆಟ್ಟದ್ದು ಅದನ್ನೇ. ಬುಡದಲ್ಲಿ ಬೆಳ್ಳುಳ್ಳಿ, ಪುದೀನ, ಚೆಂಡುಹೂವು, ಅಲಸಂದೆ ಒಂದರ ಮೈಮೇಲೊಂದು ಬಿದ್ದು ಬೆಳೆದಿದ್ದವು.

"ಈ ಸಲ ಮೊದಲ್ನೇ ಫಸಲು ಕಣೆ. ನೀರು ಹಾಕಿದ್ರೆ ಸಾಕು," ಅಂದಿದ್ದಳು ಅಕ್ಕ.

ಸಾಕು ಅಂದರೆ ನೀರು ಹಾಕಿ ಬರಬೇಕಿತ್ತು, ಪುಣ್ಯಾತ್ಗಿತ್ತಿ! ತಂಗಿಯ ಕಣ್ಣಿಗೆ ಅದು ಬಾಚಣಿಗೆ ಕಾಣದ ತಲೆಯಂತೆ ಕಂಡಿತು. ಅಕ್ಕ ಬರುವಷ್ಟರಲ್ಲಿ ಎಲ್ಲ ಅಚ್ಚುಕಟ್ಟಾಗಿರಬೇಕು ಎಂದುಕೊಂಡು ಬುಡದ ಗಿಡಗಳನ್ನೆಲ್ಲ ಬೇರುಸಮೇತ ಕಿತ್ತಳು. ಜೋತಾಡುತ್ತಿದ್ದ ಎಳೆಯ ಕುಡಿಗಳನ್ನು ಕತ್ತರಿಸಿ ಹಾಕಿದಳು. ಅವುಗಳಲ್ಲಿ ಸಾಸಿವೆಯಂಥ ಹಸಿರು ಮೊಗ್ಗುಗಳಿದ್ದವು. ಹೂವೆಂದರೆ ಬಣ್ಣ ಇರಲೇಬೇಕು ಎಂದು ನಂಬಿದವಳು, ಹುಳದ ಮೊಟ್ಟೆಯಿರಬೇಕೆಂದು ಗುಡಿಸಿ ಎಸೆದಳು.

ಬಿಸಿಲು ಏರಿತು. ಹೊದಿಕೆಯಿಲ್ಲದ ಮಣ್ಣು ಎಷ್ಟು ನೀರು ಹೊಯ್ದರೂ ಸಂಜೆಯೊಳಗೆ ಹಂಚಿನ ಹಾಗೆ ಕಾಯುತ್ತಿತ್ತು. ಬಳ್ಳಿಯ ಎಲೆ ಸುರುಟಿಕೊಂಡಾಗ ತಂಗಿ ಇನ್ನೆರಡು ಕೊಡ ನೀರು ಹೊಯ್ದಳು. ಆದರೂ ಆಸ್ಪತ್ರೆಯಲ್ಲಿ ಬಾಯಿ ಬಿಡಲು ಧೈರ್ಯ ಬರಲಿಲ್ಲ. ನಾಳೆ ಚಿಗುರುತ್ತದೆ, ನಾಡಿದ್ದು ಚಿಗುರುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಅಕ್ಕ ಮನೆಗೆ ಬಂದವಳು ಊರುಗೋಲು ಹಿಡಿದು ನೇರ ಹಿತ್ತಲಿಗೇ ನಡೆದಳು. ಮರದಡಿ ನಿಂತಳು. ಬಳ್ಳಿಯ ಒಂದು ಕವಲು ಹಿಡಿದು ಬಗ್ಗಿಸಿದಳು, ಅದು ಲಟಕ್ಕನೆ ಮುರಿಯಿತು.

"ತಪ್ಪಾಯ್ತು ಅಕ್ಕ," ತಂಗಿ ಅಳತೊಡಗಿದಳು. "ನೀನು ನೋಡ್ದಾಗ ಖುಷಿಯಾಗ್ಲಿ ಅಂತ ಮಾಡ್ದೆ. ಅವತ್ತು ನಾನು ಬರ್ಲಿಲ್ಲ ಅನ್ನೋದು ನಿನ್ನ ಮನಸ್ಸಿಂದ ಹೋಗ್ಲಿ ಅಂತ."

ಅಕ್ಕ ಬೈಯಲಿಲ್ಲ. ಬೈದಿದ್ದರೆ ತಂಗಿಗೆ ಎಷ್ಟೋ ಹಗುರಾಗುತ್ತಿತ್ತು.

"ಅದನ್ನ ನಾನು ಬಿಟ್ಟಾಗಿತ್ತು ಕಣೆ, ನೀನು ಆಸ್ಪತ್ರೆಗೆ ಬಂದ ದಿನಾನೇ," ಅಂದಳು ಅಕ್ಕ. "ಇದನ್ನ ಹೇಗೆ ಬಿಡ್ಲಿ ಅಂತ ಗೊತ್ತಾಗ್ತಿಲ್ಲ."