ಬಚ್ಚಲಿಗೆಂದು ಹೇಳಿದ ಸೌದೆ

ಮರ ಕಡಿಸುವ ವಿಚಾರದಲ್ಲಿ ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಬೇಡ ಎನ್ನುತ್ತಿದ್ದೆನೇ ಎಂದರೆ, ಆಣೆ ಮಾಡಿ ಹೇಳುವಷ್ಟು ಧೈರ್ಯ ನನಗಿಲ್ಲ. ಆದರೂ ಕೇಳಲಿಲ್ಲವಲ್ಲ ಎಂಬ ಸಿಟ್ಟಿದೆ. ಅದನ್ನು ನಾನು ಬಿಟ್ಟುಕೊಡುವುದಿಲ್ಲ.

ನಮ್ಮೂರಲ್ಲಿ ಸತ್ತವರನ್ನು ಸುಡುವುದಕ್ಕೆ ಮಾವಿನ ಮರವೇ ಆಗಬೇಕು. ಉಸಿರು ನಿಂತಿತು ಎಂಬ ಸುದ್ದಿ ಮನೆಯಿಂದ ಹೊರಗೆ ಬಂದ ಮೇಲೆ ಗಂಡಸರು ಕೊಡಲಿ ಹಿಡಿದು ಹೊರಡುತ್ತಾರೆ. ಅದಕ್ಕೆ ಮೊದಲು ಮರಕ್ಕೆ ಒಂದು ಏಟೂ ಬೀಳಬಾರದು. ಹಾಗೆ ಕಡಿದ ಸೌದೆಯನ್ನು ಮನೆಯ ಒಲೆಗೆ ಹಾಕುವುದೂ ಇಲ್ಲ. ಇದನ್ನು ಯಾರೂ ಯಾರಿಗೂ ಹೇಳಿಕೊಟ್ಟಿದ್ದಲ್ಲ, ಎಲ್ಲರಿಗೂ ಗೊತ್ತಿರುತ್ತದೆ.

ಶೇಷಕ್ಕ ನನ್ನ ಗಂಡ ಶಿವರಾಮ ಅವರ ಅಕ್ಕ. ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದು, ತಾಯಿಯಿಲ್ಲದ ತಮ್ಮನನ್ನು ಸಾಕಿದವರು. ನಾನು ಮದುವೆಯಾಗಿ ಬಂದಾಗ ಅಡುಗೆಮನೆಯನ್ನು ನನಗೆ ಬಿಟ್ಟುಕೊಟ್ಟರು, ಬಚ್ಚಲ ಒಲೆಯನ್ನು ಮಾತ್ರ ಬಿಡಲಿಲ್ಲ. ಯಾವ ಸೌದೆ ಕೆಳಗೆ, ಯಾವುದು ಮೇಲೆ, ಹಂಡೆಯ ನೀರು ಎಷ್ಟು ಕಾಯಬೇಕು ಎಲ್ಲ ಅವರದೇ ಕಾಯ್ದೆ. ನಾನೇನಾದರೂ ಒಂದು ಕೊಳ್ಳಿ ಮುಂದೆ ತಳ್ಳಿದರೆ, ಅವರು ಬಂದು ಅದನ್ನು ಹಿಂದೆ ಎಳೆಯುತ್ತಿದ್ದರು. ಹಿತ್ತಿಲಲ್ಲಿ ಯಾರಾದರೂ ಕಟ್ಟಿಗೆ ಒಡೆಯುತ್ತಿದ್ದರೆ ಒಳಗೆ ಕೂತುಕೊಂಡೇ ಇದು ಮತ್ತಿ, ಇದು ಹಲಸು, ಇದಿನ್ನೂ ಹಸಿ ಎನ್ನುತ್ತಿದ್ದರು. ನಾನು ಅದನ್ನು ಜಂಬ ಎಂದುಕೊಂಡಿದ್ದೆ.

ಅವರ ಹೊಟ್ಟೆಯಲ್ಲಿ ಗಡ್ಡೆಯೆಂದು ಗೊತ್ತಾಗುವ ಹೊತ್ತಿಗೆ ಮಾಡುವಂಥದ್ದು ಏನೂ ಉಳಿದಿರಲಿಲ್ಲ. ಶಿವಮೊಗ್ಗದ ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಎಂದು ಮೆಲ್ಲಗೆ ಹೇಳಿದರು. ಕರೆದುಕೊಂಡು ಬಂದೆವು. ಅಕ್ಕ ಕಣ್ಣು ತೆರೆಯಲಿಲ್ಲ. ಚಮಚದಲ್ಲಿ ನೀರು ಬಿಟ್ಟರೆ ಅರ್ಧ ಒಳಗೆ, ಅರ್ಧ ದಿಂಬಿಗೆ. ನೋಡಲು ಬಂದವರೆಲ್ಲ ಇವತ್ತೋ ನಾಳೆಯೋ ಎಂದು ಬಾಗಿಲಲ್ಲೇ ಪಿಸುಗುಟ್ಟಿ ಹೋದರು.

ಮುಂಗಾರಿನ ಮೋಡ ಬೇರೆ ಕಟ್ಟಿತ್ತು. ಮನೆಯ ಮೇಲಿನ ಬ್ಯಾಣದಲ್ಲಿ, ನಾವು ದನ ಮೇಯಲು ಬಿಡುವ ಇಳಿಜಾರಿನಲ್ಲಿ, ಒಂದು ಹಳೇ ಮಾವಿನ ಮರವಿತ್ತು. ಇಬ್ಬರು ಸೇರಿ ತಬ್ಬಿದರೂ ಕೈಗೆ ಕೈ ಸಿಗದಂಥದ್ದು. ನಾನು ಸತ್ತಾಗ ನನ್ನ ಪಾಲಿಗೆ ಅದೇ ಇರಲಿ ಎಂದು ಹಿಂದೊಮ್ಮೆ ಅಕ್ಕನೇ ನಗುತ್ತ ಹೇಳಿದ್ದರು. ಪಕ್ಕದ ಮನೆಯ ಜಯಪ್ಪ ಆ ಮಾತನ್ನು ಮರೆತಿರಲಿಲ್ಲ. ಅಂಗಳದಲ್ಲಿ ನಿಂತು ನನ್ನ ಗಂಡನಿಗೆ ಅವನು ಹೇಳಿದ್ದು ನನಗೆ ಕಿಟಕಿಯಿಂದ ಕೇಳಿಸಿತು.

"ಮಳೆ ಹಿಡೀತು ಅಂದ್ರೆ ಆ ಇಳುಕಲಲ್ಲಿ ಟ್ರ್ಯಾಕ್ಟರ್ ನಿಲ್ಲಲ್ಲ ಶಿವರಾಮಣ್ಣ. ಅಂಥ ಮರ ಹೊತ್ತು ತರಾಕಾಗುತ್ತಾ? ಆಮೇಲೆ ಅಕ್ಕನ್ನ ಮಲಗಿಸ್ಕಂಡು ಎಂತ ಮಾಡ್ತೀರಿ?"

ನಮ್ಮನೆಯವರು ಮೊದಲು ಅವನ ಮೇಲೆ ಹಾರಿಬಿದ್ದರು. ಆಮೇಲೆ ಆಕಾಶ ನೋಡಿ ಆಗಲಿ ಎಂದು ತಲೆ ಆಡಿಸಿದರು. ನನ್ನ ಕೈಯಲ್ಲಿ ಚಮಚವಿತ್ತು, ಅದು ಅಕ್ಕನ ತುಟಿಯ ಹತ್ತಿರವೇ ನಿಂತುಬಿಟ್ಟಿತು.

ತೀರ್ಥಹಳ್ಳಿ ಕಡೆಯಿಂದ ಮರ ಕೊಯ್ಯುವ ಮಿಷನ್ ತರಿಸಿದರು. ಅದರ ಗರಗಸ ಮರದ ನಡುವಿಗೆ ಮುಟ್ಟಲಿಲ್ಲ. ಈ ಕಡೆಯಿಂದ ಒಮ್ಮೆ, ಆ ಕಡೆಯಿಂದ ಒಮ್ಮೆ ಕೊಯ್ದರು. ಕೊಯ್ದದ್ದು ಒಂದಕ್ಕೊಂದು ಕೂಡಲಿಲ್ಲ, ಮತ್ತೆ ಕೊಯ್ದರು. ಮರ ಬಿದ್ದಾಗ ನಮ್ಮ ನಾಗಂದಿಗೆಯ ಪಾತ್ರೆಗಳೆಲ್ಲ ಗಲಗಲ ಎಂದವು. ಅಕ್ಕನ ರೆಪ್ಪೆ ಅಲುಗಿತು. ಗುಡುಗಕ್ಕ, ಗುಡುಗು ಎಂದು ನಾನು ಅವರ ಎದೆ ತಡವಿದೆ.

ಬುಡದ ತುಂಡುಗಳನ್ನು ಅಡ್ಡ ಕೆಡವಿದರೆ ನನ್ನ ಸೊಂಟಕ್ಕಿಂತ ಎತ್ತರ ಬರುತ್ತಿದ್ದವು. ಹಾರೆ ಹಾಕಿ ಉರುಳಿಸುವಾಗ ಒಂದು ಕೈತಪ್ಪಿ ಬೇಲಿ ಮುರಿದುಕೊಂಡು ಹಳ್ಳಕ್ಕೆ ಹೋಯಿತು. ಉಳಿದವನ್ನು ಸರಪಳಿ ಬಿಗಿದು ಟ್ರ್ಯಾಕ್ಟರಿನಲ್ಲಿ ಎಳೆದರು. ಸುಡುವ ಜಾಗ ಹಳ್ಳದ ಆಚೆ. ಅಲ್ಲಿಗೆ ಮುಟ್ಟುವ ಮೊದಲೇ, ಮನೆಯ ಹತ್ತಿರ ಬರುವಷ್ಟರಲ್ಲಿ ಮಳೆ ಬಂತು, ಗಾಲಿ ಹೂತುಕೊಂಡಿತು. ಅಡಿಕೆ ಒಣಗಿಸುವ ನಮ್ಮ ಶೆಡ್ಡಿನಲ್ಲೇ ಹಾಕಿ ಒಡೆದಿಡೋಣ ಎಂದ ಜಯಪ್ಪ. ಆ ಶೆಡ್ಡಿನ ಗೋಡೆಯೇ ಅಕ್ಕ ಮಲಗಿದ್ದ ಕೋಣೆಯ ಗೋಡೆ.

ನಾನು ಹೊರಗೆ ಓಡಿ ಬಂದು ಬೇಡ ಎಂದೆ. ಬೇರೆ ಜಾಗ ತೋರಿಸು ಎಂದರು ನಮ್ಮನೆಯವರು. ಸಿಟ್ಟಿನಿಂದ ಅಲ್ಲ, ನಿಜವಾಗಿಯೂ ಕೇಳಿದರು. ಸುತ್ತ ಎಲ್ಲಿ ನೋಡಿದರೂ ನೀರು ಸುರಿಯುತ್ತಿತ್ತು. ನಾನು ಒಳಗೆ ಬಂದೆ.

ಹಳೇ ಮಾವಿನ ಬುಡ ಕೊಡಲಿಗೆ ಬಗ್ಗುವಂಥದ್ದಲ್ಲ. ನಾರು ತಿರುಚಿಕೊಂಡಿತ್ತು. ಹೊಡೆದ ಕೊಡಲಿಯನ್ನು ಅದು ಕಚ್ಚಿಕೊಳ್ಳುತ್ತಿತ್ತು, ಬಿಡಿಸಲು ಇನ್ನೊಂದು ಕೊಡಲಿ ಬೇಕಾಗುತ್ತಿತ್ತು. ಕಬ್ಬಿಣದ ಬೆಣೆಗಳನ್ನಿಟ್ಟು ದೊಡ್ಡ ಸುತ್ತಿಗೆಯಿಂದ ಬಡಿಯತೊಡಗಿದರು. ಒಂದೊಂದು ಏಟಿಗೂ ಗೋಡೆ ಅದುರಿ ಅಕ್ಕನ ಮಂಚ ಸಣ್ಣಗೆ ನಡುಗುತ್ತಿತ್ತು. ನಾನು ಎದ್ದು ಕಿಟಕಿ ಮುಚ್ಚಿದೆ. ಗೋಡೆಯನ್ನು ಹೇಗೆ ಮುಚ್ಚಲಿ?

ಆಗ ಅಕ್ಕ ಕಣ್ಣು ತೆರೆದರು. ಗಂಜಿ ಕೊಡು ಎಂದರು.

ನನಗಾದ ಸಂತೋಷ ಹೇಳಲಾರೆ. ಒಲೆಯ ಮುಂದೆ ನಿಂತು ಅತ್ತುಬಿಟ್ಟೆ. ಬಿಸಿ ಗಂಜಿ ಆರಿಸಿ ತಂದು ನಾಲ್ಕು ಗುಟುಕು ಕುಡಿಸಿದೆ. ಐದನೆಯದನ್ನು ಅವರು ಕೈಯಲ್ಲಿ ತಡೆದರು. ಗೋಡೆಯ ಆಚೆ ಸುತ್ತಿಗೆ ಬಿತ್ತು.

"ಎಂತ ಒಡೀತಾ ಇದಾರೆ?"

"ಸೌದೆ ಅಕ್ಕ. ಬಚ್ಚಲಿಗೆ. ಮಳೆಗಾಲಕ್ಕೆ ಬೇಕಲ್ಲ."

ಅವರು ಇನ್ನೆರಡು ಏಟು ಕೇಳಿಸಿಕೊಂಡರು. ಯಾವ ಮರವೆಂದು ಕೇಳಲಿಲ್ಲ. ಗಂಜಿಯ ಬಟ್ಟಲನ್ನು ನನ್ನ ಕಡೆ ಸರಿಸಿ ಗೋಡೆಗೆ ಬೆನ್ನು ಮಾಡಿ ಮಲಗಿದರು. ನಾನು ಹೊರಗೆ ಹೋಗಿ ಸುತ್ತಿಗೆ ಕಸಿದುಕೊಂಡೆ. ಅಕ್ಕ ಗಂಜಿ ಕುಡಿದರು ಎಂದೆ. ಆ ಗಂಡಸರ ಮುಖ ನೋಡಬೇಕಿತ್ತು. ಬೆಣೆ ತುಂಡಿನಲ್ಲಿ ಅರ್ಧ ಇಳಿದಿತ್ತು, ಅದನ್ನು ಕೀಳಲೂ ಯಾರಿಗೂ ಕೈ ಬರಲಿಲ್ಲ. ನಮ್ಮನೆಯವರು ಆ ತುಂಡಿನ ಮೇಲೆಯೇ ಕುಸಿದು ಕೂತರು, ಮರುಕ್ಷಣ ಬೆಂಕಿ ತಗುಲಿದವರ ಹಾಗೆ ಎದ್ದರು.

ಅಕ್ಕ ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪ ಚೇತರಿಸಿಕೊಂಡರು. ಗಡ್ಡೆ ಎಲ್ಲಿಗೂ ಹೋಗಿರಲಿಲ್ಲ, ಅದು ನಮಗೆ ಗೊತ್ತಿತ್ತು. ಆದರೆ ಎದ್ದು ಕೂತರು, ಅನ್ನ ಕೇಳಿದರು, ಗೋಡೆ ಹಿಡಿದು ಹಿಂಬಾಗಿಲವರೆಗೆ ನಡೆದರು. ಅಲ್ಲಿ ಕೂತರೆ ಪಕ್ಕಕ್ಕೇ ಶೆಡ್ಡು ಕಾಣುತ್ತಿತ್ತು. ಒಡೆದ ಸೌದೆ ಒಂದು ಕಡೆ, ಒಡೆಯದ ತುಂಡುಗಳು ಒಂದು ಕಡೆ. ಅದನ್ನು ಏನು ಮಾಡುವುದೆಂದು ಯಾರಿಗೂ ತಿಳಿಯಲಿಲ್ಲ. ಸಾಗಿಸೋಣವೆಂದರೆ ಅವರ ಕಣ್ಣೆದುರಿಗೇ ಸಾಗಿಸಬೇಕು. ಯಾರಿಗಾದರೂ ಕೊಡೋಣವೆಂದರೆ ಯಾರು ತೆಗೆದುಕೊಳ್ಳುತ್ತಾರೆ? ಊರಿನ ಹಿರಿಯ ಚಂದ್ರಯ್ಯನವರನ್ನು ಕೇಳಿದ್ದಕ್ಕೆ, ಇಂಥದ್ದು ನಾನು ಕಂಡಿಲ್ಲ ಮಾರಾಯಾ ಎಂದು ಎಲೆಯಡಿಕೆ ಚೀಲ ಬಿಚ್ಚಿದರು. ನಮ್ಮನೆಯವರು ಹಿಂಬಾಗಿಲ ಕಡೆ ಬರುವುದನ್ನೇ ಬಿಟ್ಟರು. ಸಾಕಿದ ಅಕ್ಕನ ಮುಖ ನೋಡಲಾಗದೆ ಮನೆಯೊಳಗೇ ಕಳ್ಳನ ಹಾಗೆ ಓಡಾಡಿದರು.

ಒಂದು ಮಧ್ಯಾಹ್ನ ಅಕ್ಕ ನನ್ನನ್ನು ಕರೆದರು.

"ಸುಪ್ರೀ, ಮೈಗೆ ನೀರು ಹಾಕ್ಕೋಬೇಕು. ಹಂಡೆಗೆ ಬೆಂಕಿ ಮಾಡು."

ನಾನು ಅಟ್ಟದ ಒಣ ಸೌದೆಗೆ ಕೈ ಹಾಕಿದೆ.

"ಅದಲ್ಲ," ಎಂದು ಶೆಡ್ಡಿನ ಕಡೆ ತೋರಿಸಿದರು. "ಬಚ್ಚಲಿಗೆ ಅಂದ್ಯಲ, ಅದು."

ನಡುಮನೆಯಲ್ಲಿ ನಿಂತಿದ್ದ ನಮ್ಮನೆಯವರು ಬೇಡ ಬೇಡ ಎಂದು ಕೈಸನ್ನೆ ಮಾಡಿದರು. ಬೇಡವೆಂದು ಅಕ್ಕನಿಗೆ ಯಾವ ಬಾಯಲ್ಲಿ ಹೇಳಲಿ? ನಿಮ್ಮನ್ನು ಸುಡಲು ತಂದದ್ದು ಎನ್ನಲೇ? ನಾನು ಹೋಗಿ ನಾಲ್ಕು ಸೀಳು ತಂದೆ. ಎದೆಗವಚಿಕೊಂಡಾಗ ಅದರ ಹಸಿ ತಣ್ಣಗೆ ಕುಪ್ಪಸಕ್ಕೆ ಇಳಿಯಿತು. ಒಲೆಗೆ ಇಟ್ಟೆ. ಅದು ಹತ್ತಲಿಲ್ಲ. ತುದಿಯಲ್ಲಿ ನೊರೆ ಬಂತು, ಹೊಗೆ ಬಂತು, ಎಷ್ಟು ಊದಿದರೂ ಉರಿ ಬರಲಿಲ್ಲ. ನಾನು ಊದಿದೆ, ಅಳುತ್ತಲೇ ಮತ್ತೆ ಊದಿದೆ.

ಅಕ್ಕ ಗೋಡೆ ಹಿಡಿದುಕೊಂಡು ಬಂದು ನನ್ನ ಪಕ್ಕದಲ್ಲಿ ಕುಳಿತರು. ಎಂದಿನಂತೆ ಒಂದು ಸೀಳನ್ನು ಹಿಂದಕ್ಕೆ ಎಳೆದು ನೋಡಿದರು.

"ಹಸಿ ಮಾವು ಇಷ್ಟು ಬೇಗ ಉರಿಯಲ್ಲ ಕಣೇ," ಎಂದರು. "ಒಣಗ್ಲಿ ಬಿಡು. ನಂಗೇನೂ ಅವಸರ ಇರ್ಲಿಲ್ಲ."

ನಾನು ಅವರ ಕಾಲು ಹಿಡಿಯಲೆಂದು ಬಾಗಿದೆ. ಅವರು ಅದಕ್ಕೂ ಬಿಡದೆ ತಂಬಿಗೆಯನ್ನು ನನ್ನ ಕೈಗೆ ಕೊಟ್ಟು ಬೆನ್ನು ತಿರುಗಿಸಿ ಕೂತರು. ಹಂಡೆಯ ನೀರು ಬಿಸಿಯಾಗಿರಲಿಲ್ಲ. ಅದನ್ನೇ ಮೊಗೆದು ಅವರ ಬೆನ್ನಿಗೆ ಹೊಯ್ದೆ.