ಮೂಳೆಗೂ ಕೆಲಸ ಬೇಕು, ಏಕಾಂತಣ್ಣ

ಬಚ್ಚಲಲ್ಲಿ ಜಾರಿ ಬೀಳುವುದಕ್ಕೆ ಯಾರೂ ಮುಹೂರ್ತ ಇಡಿಸುವುದಿಲ್ಲ. ಶ್ರೀರಾಂಪುರದ ದ್ಯಾಮಮ್ಮನೂ ಇಡಿಸಿರಲಿಲ್ಲ. ಬೆಳಗ್ಗೆ ಮುಖ ತೊಳೆಯಲು ಹೋದವಳು ಜಾರಿದಳು, ಬಲಗೈ ಊರಿದಳು, ಮಣಿಕಟ್ಟು ಟಪ್ ಎಂದಿತು. ಆ ಸದ್ದು ಅಂಗಳದಲ್ಲಿದ್ದ ಗಂಡ ಏಕಾಂತಪ್ಪನಿಗೂ ಕೇಳಿಸಿತು. ಊರಿನ ಅರ್ಧದಷ್ಟು ಬೋರ್‌ವೆಲ್ ಮೋಟರುಗಳನ್ನು ಬಿಚ್ಚಿ ಜೋಡಿಸಿದ ಮನುಷ್ಯ ಅವನು. ಯಾವ ಸದ್ದು ರಿಪೇರಿಗೆ ಬಗ್ಗುತ್ತದೆ, ಯಾವುದು ಬಗ್ಗುವುದಿಲ್ಲ ಎಂದು ಕಿವಿಯಲ್ಲೇ ಹೇಳಬಲ್ಲವನು. ಆ ದಿನ ಮಾತ್ರ ಅವನ ಕೈಕಾಲು ಆಡಲಿಲ್ಲ.

ಹೊಸದುರ್ಗದ ಮೂಳೆ ಡಾಕ್ಟರು ಆರು ವಾರಕ್ಕೆ ಪ್ಲಾಸ್ಟರ್ ಹಾಕಿದರು. “ಕೈಗೆ ರೆಸ್ಟ್ ಕೊಡಿ” ಎಂದರು. ಏಕಾಂತಪ್ಪ ಆ ರೆಸ್ಟನ್ನು ಕೈಯಿಂದ ಶುರುಮಾಡಿ ಕಾಲಿನ ಕಿರುಬೆರಳಿನ ತನಕ ಎಳೆದ.

ಕೈಯಿರುವ ಒಂದು ಪ್ಲಾಸ್ಟಿಕ್ ಕುರ್ಚಿ ತಂದ. ಪಡಸಾಲೆಯಲ್ಲಿ ಹಾಕಿ ಹೆಂಡತಿಯನ್ನು ಅದರಲ್ಲಿ ಪ್ರತಿಷ್ಠಾಪಿಸಿದ. ಎದ್ದರೆ “ಕುಂತ್ಕ”, ನಿಂತರೆ “ಕುಂತ್ಕ”, ಕೆಮ್ಮಿದರೆ “ಕುಂತ್ಕಂಡು ಕೆಮ್ಮು”. ಕಣ್ಣು ತಪ್ಪಿಸಿ ಬೀದಿಗೆ ಹೋದಾಳೆಂದು ಅವಳ ಚಪ್ಪಲಿಯನ್ನು ಅಟ್ಟಕ್ಕೇರಿಸಿದ. ಮುದ್ದೆಯನ್ನೂ ತಾನೇ ತಿರುವಿದ. ಮುದ್ದೆಯೊಳಗೆ ಗಂಟು, ಗಂಟಿನೊಳಗೆ ಹಸಿ ಹಿಟ್ಟು, ಹಿಟ್ಟಿನೊಳಗೆ ಅವನ ಪ್ರೀತಿ. ದ್ಯಾಮಮ್ಮ ಮೂರನ್ನೂ ಉಸಿರೆತ್ತದೆ ನುಂಗಿದಳು.

ಆರು ವಾರಕ್ಕೆ ಪ್ಲಾಸ್ಟರ್ ಬಿಚ್ಚಿದರು. ಕೈಗೆ ಸುತ್ತಿದ ಪಟ್ಟಿ ಬಿಟ್ಟಿತು, ಏಕಾಂತಪ್ಪ ಹಿಡಿದ ಪಟ್ಟು ಬಿಡಲಿಲ್ಲ. ಇನ್ನೂ ಎರಡು ತಿಂಗಳು ಅದೇ ಕುರ್ಚಿ, ಅದೇ ಗಂಟು.

ಅಷ್ಟರಲ್ಲಿ ಹೊಳಲ್ಕೆರೆಯಿಂದ ಮಗಳು ದಿವ್ಯಾಳ ಫೋನು ಬಂತು. ದಿವ್ಯಾಗೆ ಐದು ತಿಂಗಳು. ಚೊಚ್ಚಲು.

“ಅಪ್ಪಾಜಿ, ಬಾಣಂತನ ಎಲ್ಲಿ ಮಾಡಾಣ ಅಂತ ನಮ್ಮತ್ತೆ ಕೇಳ್ತಾ ಅವ್ರೆ. ಅವ್ವಂಗೆ ಕೂಸು ಎತ್ತಾಕೆ ಆಗುತ್ತಾ?”

ಏಕಾಂತಪ್ಪ ಹಿಂದೆಮುಂದೆ ನೋಡಲಿಲ್ಲ. “ಅಲ್ಲೇ ಆಗ್ಲವ್ವ. ನಿಮ್ಮವ್ವಂದು ಈಗ ಗಾಜಿನ ಮೈ. ಕೂಸು ಎತ್ತೋದು, ಎರೆಯೋದು, ಅವೆಲ್ಲ ಅವಳ ಕೈಲಿ ಆಗಾಕಿಲ್ಲ.”

ಫೋನಿಟ್ಟು ತಿರುಗಿದರೆ ದ್ಯಾಮಮ್ಮ ಗೋಡೆಗೆ ಮುಖ ಮಾಡಿದ್ದಳು. ಬೈದಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು. ಬೈಯಲಿಲ್ಲ.

“ಕೂಸಿಗೆ ಅಂತ ಮೆತ್ತನೆ ಹಳೇ ಸೀರೆ ಒಗೆದು ಗಂಟು ಕಟ್ಟಿಟ್ಟಿದೀನಿ. ಹೊಳಲ್ಕೆರೆಗೆ ಕೊಟ್ಟು ಬರ್ರಿ. ನಮ್ಮನೇಲಿ ಇನ್ನೇನು ಕೆಲ್ಸ ಅದಕ್ಕೆ” ಎಂದಳು, ಅಷ್ಟೇ.

ಮೊದಲ ಮಗಳ ಮೊದಲ ಬಾಣಂತನ ತವರಲ್ಲಿ ಆಗದಿದ್ದರೆ ತಾಯಿಗೆ ಹೇಗಿರುತ್ತದೆಂದು ಏಕಾಂತಪ್ಪನಿಗೆ ಗೊತ್ತಿಲ್ಲವೆಂದಲ್ಲ. ಆದರೆ ಇನ್ನೊಂದು ಸಲ ಟಪ್ ಎಂದರೆ?

ಮಾರನೆಯ ದಿನ ಆಶಾ ಕಾರ್ಯಕರ್ತೆ ಮಂಗಳಾ ಬಂದಳು. ಈ ಮಂಗಳಾ ಯಾರ ದನಿ ಬೇಕಾದರೂ ತೆಗೆಯುವವಳು. ಹೊಸಿಲು ದಾಟುವಾಗಲೇ ಬಸ್ ಕಂಡಕ್ಟರ್ ಆಗಿದ್ದಳು. “ಹೊಸ್ದುರ್ಗಾ ಹೊಸ್ದುರ್ಗ! ಯಾರಮ್ಮ ಅದು ಸೀಟು ಹಿಡ್ಕಂಡು ಕುಂತಿರೋದು? ಸ್ಟಾಪು ಬಂತು, ಇಳೀರಿ!”

ದ್ಯಾಮಮ್ಮ ನಗಲಿಲ್ಲ. ಮಂಗಳಾ ದನಿ ಇಳಿಸಿ ಪಕ್ಕದಲ್ಲಿ ಕೂತಳು. ವಿಷಯವೆಲ್ಲ ಕೇಳಿದಳು. ಆಮೇಲೆ, “ದ್ಯಾಮಕ್ಕ, ಎರಡೂ ಕೈ ಎದೆಗೆ ಕಟ್ಕ. ಕುರ್ಚಿ ಹಿಡೀದಂಗೆ ಎದ್ದು ಕೂರು. ಐದು ಸಲ. ನಾನು ಪಕ್ಕದಲ್ಲೇ ನಿಂತಿರ್ತೀನಿ” ಎಂದಳು.

ಒಂದು ಸಲ ಹೇಗೋ ಎದ್ದಳು. ಎರಡನೆಯ ಸಲ ಅರ್ಧಕ್ಕೇ ತೊಡೆ ನಡುಗಿ ದೊಪ್ಪನೆ ಕೂತುಬಿಟ್ಟಳು. ನಾಲ್ಕು ತಿಂಗಳ ಕೆಳಗೆ ತಲೆಮೇಲೊಂದು ಸೊಂಟದಲ್ಲೊಂದು ಕೊಡ ಹೊತ್ತು ಬರುತ್ತಿದ್ದ ಹೆಂಗಸು.

“ನೋಡ್ದೇನವ್ವ? ಹಿಂಗಾಗುತ್ತೆ ಅಂತ್ಲೇ ನಾನು ಕೂರ್ಸಿರೋದು” ಎಂದ ಏಕಾಂತಪ್ಪ.

“ಕೂರ್ಸಿದ್ದಕ್ಕೇ ಹಿಂಗಾಗಿರೋದು ಏಕಾಂತಣ್ಣ! ಮೂಳೆ ಅಂದ್ರೆ ಕಬ್ಬಿಣದ ಪೈಪು ಅನ್ಕಂಡಿದೀರಾ? ಅದಕ್ಕೆ ಜೀವ ಐತೆ. ಒಳಗೆ ಹಗಲೂ ರಾತ್ರಿ ರಿಪೇರಿ ನಡೀತಿರ್ತೈತೆ. ಎರಡು ಗ್ಯಾಂಗು ಅವೆ. ಒಂದು ಹಳೇ ಮೂಳೆ ಅಗೆಯೋದು, ಇನ್ನೊಂದು ಹೊಸದು ತುಂಬೋದು.”

“ನಮ್ಮೂರ ರಸ್ತೆ ಥರ?”

“ಅದೇ ಥರ. ಅಗೆಯೋರು ಕರೀದಿದ್ರೂ ಬರ್ತಾರೆ. ತುಂಬೋರು?”

“ತುಂಬೋರು ಎಲೆಕ್ಷನ್ನಿಗೆ ಬರ್ತಾರೆ” ಎಂದು ಏಕಾಂತಪ್ಪ ತಾನೇ ನಕ್ಕ.

“ಮೂಳೇಲಿ ತುಂಬೋರನ್ನ ಕರೆಸೋದು ಅದರ ಮೇಲೆ ಬೀಳೋ ಭಾರ. ನಿಂತಾಗ, ನಡೆದಾಗ, ಮೆಟ್ಲು ಹತ್ತಿದಾಗ ಮೂಳೆ ಕಣ್ಣಿಗೆ ಕಾಣದಷ್ಟು ಬಾಗ್ತೈತೆ. ಅದರೊಳಗಿರೋ ಜೀವಕಣಕ್ಕೆ ಅದು ಗೊತ್ತಾಗ್ತೈತೆ. ಅದೇ ಮೇಸ್ತ್ರಿ. ‘ಇಲ್ಲಿ ಲೋಡು ಐತೆ, ಬೇಗ ತುಂಬ್ರಪ್ಪಾ’ ಅಂತ ಕೂಗ್ತೈತೆ. ದಿನಪೂರ್ತಿ ಕುಂತ್ರೆ ಲೋಡೇ ಇಲ್ಲ. ಮೇಸ್ತ್ರಿ ಸುಮ್ನಾದ. ತುಂಬೋರು ಟೀ ಕುಡಿಯಾಕೆ ಹೋದ್ರು. ಅಗೆಯೋರು ಮಾತ್ರ ಅಗೀತಾನೇ ಅವ್ರೆ. ಅದರ ಮೇಲೆ ಹೆಂಗಸರಿಗೆ ಮುಟ್ಟು ನಿಂತ ಮ್ಯಾಲೆ ಅಗೆಯೋರ ಕೈ ಇನ್ನೂ ಜೋರಾಗ್ತೈತೆ.”

“ಕ್ಯಾಲ್ಸಿಯಂ ಮಾತ್ರೆ ತಪ್ಪದೆ ಕೊಡ್ತಾ ಇದೀನಲ್ಲವ್ವ.”

“ಕೊಡ್ರಿ, ಬ್ಯಾಡ ಅಂದೋರ್ಯಾರು? ಅದು ಜಲ್ಲಿ, ಸಿಮೆಂಟು. ಲಾರಿಯೋನು ರಸ್ತೆ ಪಕ್ಕ ಸುರಿದು ಹೋದ ಮಾತ್ರಕ್ಕೆ ರಸ್ತೆ ಆಗುತ್ತಾ?”

ಏಕಾಂತಪ್ಪ ತಲೆ ಕೆರೆದುಕೊಂಡ. ಮೂವತ್ತು ವರ್ಷ ಮೆಕ್ಯಾನಿಕ್ ಕೆಲಸ ಮಾಡಿದ ತಲೆ, ಅಷ್ಟು ಸಲೀಸಾಗಿ ಸೋಲುವುದಿಲ್ಲ. “ನೀನು ಏನೇ ಹೇಳು, ಓಡಿದಷ್ಟೂ ಸವೆಯುತ್ತೆ. ಬೇರಿಂಗ್ ನೋಡಿಲ್ವಾ?”

ಮಂಗಳಾ ಎದ್ದು ನಿಂತಳು. ಸೆರಗನ್ನು ಟವೆಲಿನಂತೆ ಹೆಗಲಿಗೆ ಎಸೆದಳು, ಹೊಟ್ಟೆ ಮುಂದೆ ಮಾಡಿದಳು, ಮೂಗಿನಲ್ಲಿ ಮಾತಾಡಿದಳು. “ಲೇ ಕರಿಯಣ್ಣ! ಆರ್ ತಿಂಗ್ಳು ಮೋಟ್ರು ಸ್ಟಾರ್ಟೇ ಮಾಡಿಲ್ವಲ್ಲೋ! ಸುಮ್ನೆ ಬಿಟ್ರೆ ಜಾಮ್ ಆಗಲ್ವೇನೋ? ಹದಿನೈದು ದಿನಕ್ಕೊಂದ್ಸಲನಾದ್ರೂ ಓಡ್ಸು ಅಂತ ಬಡ್ಕಂಡೆ, ಕೇಳಿದ್ಯಾ? ಅನುಭವಿಸು!”

ಪಕ್ಕಾ ಏಕಾಂತಪ್ಪ, ಮೋಟರು ಕೆಡಿಸಿಕೊಂಡ ರೈತನಿಗೆ ಬೈಯುವಾಗಿನ ದನಿ. ಕೊನೆಗೆ ಮೂಗೆಳೆಯುವುದೂ ಸಹ ಅವನದೇ. ದ್ಯಾಮಮ್ಮ ಬಿದ್ದು ಬಿದ್ದು ನಕ್ಕಳು. ಬಿದ್ದ ಮೇಲೆ ಇಷ್ಟು ನಕ್ಕದ್ದು ಇದೇ ಮೊದಲು.

ಏಕಾಂತಪ್ಪ ನಗಲಿಲ್ಲ. “ಮೋಟ್ರು ಜಾಮ್ ಆದ್ರೆ ಬಿಚ್ತೀನಿ ಕಣವ್ವ. ಇವಳ್ನ ಎಲ್ಲಿ ಬಿಚ್ಲಿ?” ಎಂದ. “ಅವತ್ತು ಬಚ್ಚಲಲ್ಲಿ ಗ್ರೀಸ್ ಕೈ ತೊಳೆದೋನು ನಾನು. ಸೋಪಿನ ಪುಡಿ ಹಾಕಿ ತಿಕ್ಕಿ, ನೀರು ಹುಯ್ಯದೆ ಬಂದ್ಬಿಟ್ಟಿದ್ದೆ.”

“ನಂಗೊತ್ತು” ಎಂದಳು ದ್ಯಾಮಮ್ಮ.

“ಗೊತ್ತಾ?”

“ಮೂಗು ನೆಲಕ್ಕೇ ಹತ್ತಿತ್ತಲ್ಲ, ಸೋಪಿನ ವಾಸನೆ ಬಡೀದೆ ಇರುತ್ತಾ? ತಪ್ಪಾಯ್ತು ಕಣೆ ಅಂತ ಒಂದ್ಮಾತು ಅಂದಿದ್ರೆ ಮುಗೀತಿತ್ತು. ಅದು ಬಿಟ್ಟು ಮೂರೂವರೆ ತಿಂಗ್ಳು ಕುರ್ಚಿಗೆ ಹಾಕಿ ಸೇವೆ ಮಾಡಿದ್ರಿ. ಆ ಮುದ್ದೆ ಬ್ಯಾರೆ!”

“ತಪ್ಪಾಯ್ತು ಕಣೆ” ಎಂದ ಏಕಾಂತಪ್ಪ, ಬಾಗಿಲ ಕಡೆ ನೋಡುತ್ತ. ಆಮೇಲೆ ಏಣಿ ಹಾಕಿ ಅಟ್ಟ ಹತ್ತಿ ಚಪ್ಪಲಿ ಇಳಿಸಿದ. ಧೂಳನ್ನು ತನ್ನ ಪಂಚೆಯಲ್ಲೇ ಒರೆಸಿದ.

“ನಾಳೇನೇ ಓಡಾಕೆ ಹೋಗಬ್ಯಾಡ್ರಿ ಮತ್ತೆ. ಮೊದ್ಲು ಡಾಕ್ಟರ ಹತ್ರ ಹೋಗಾಣ” ಎಂದಳು ಮಂಗಳಾ.

ಹೊಸದುರ್ಗದ ಡಾಕ್ಟರು ಮೂಳೆ ಎಷ್ಟು ಗಟ್ಟಿಯಿದೆ ಎಂದು ಅಳೆಯುವ ಸ್ಕ್ಯಾನ್ ಮಾಡಿಸಿದರು. “ಮೂಳೆ ಸ್ವಲ್ಪ ತೆಳುವಾಗಿದೆ. ಗಾಬರಿ ಬೇಡ. ಮಾತ್ರೆ ನಿಲ್ಲಿಸಬೇಡಿ, ಆದರೆ ಕೂರಿಸಲೂಬೇಡಿ. ದಿನಾ ನಡೆಯಲಿ. ಭಾರ ಸ್ವಲ್ಪ ಸ್ವಲ್ಪವೇ ಏರಿಸಿ. ಸೊಂಟ ಬಗ್ಗಿಸಿ ಎತ್ತೋದು ಬೇಡ, ಮೊಣಕಾಲು ಮಡಿಸಿ ಎತ್ತಲಿ” ಎಂದರು.

“ಮಗಳ ಬಾಣಂತನ ಮಾಡ್ಬೋದಾ ಸಾರ್?” ದ್ಯಾಮಮ್ಮ ಕೇಳಿಯೇ ಬಿಟ್ಟಳು.

“ಇನ್ನೂ ನಾಲ್ಕು ತಿಂಗಳಿದೆಯಲ್ಲಮ್ಮ. ಈಗಿಂದ ತಯಾರಾಗಿ. ಆಗ ಒಂದು ಸಲ ಬನ್ನಿ, ನೋಡಿ ಹೇಳ್ತೀನಿ.”

ಮೊದಲ ವಾರ ಬರೀ ಹತ್ತು ನಿಮಿಷದ ನಡಿಗೆ, ಸ್ಕೂಲಿನ ಗೇಟಿನ ತನಕ. ಕುರ್ಚಿ ಹಿಡಿದು ಐದು ಸಲ ಏಳುವುದು ಕೂರುವುದು. ಗೋಡೆ ಹಿಡಿದು ಹತ್ತು ಸಲ ಹಿಮ್ಮಡಿ ಎತ್ತಿ ಇಳಿಸುವುದು. ಆಮೇಲೆ ಅರ್ಧ ಲೀಟರ್ ನೀರಿನ ಬಾಟಲಿ ಹಿಡಿದು ಕೈ ಎತ್ತುವುದು, ಮುಂದೆ ಒಂದು ಲೀಟರು. ತಟ್ಟೆಗೆ ರಾಗಿಯ ಜೊತೆ ನುಗ್ಗೆಸೊಪ್ಪು, ಎಳ್ಳಿನ ಚಟ್ನಿ, ಒಂದು ಲೋಟ ಮಜ್ಜಿಗೆ. ನಡಿಗೆ ಬಿಸಿಲಲ್ಲೇ. ಏಕಾಂತಪ್ಪ ಬಚ್ಚಲಿಗೆ ಒರಟು ಕಲ್ಲು ಹಾಕಿಸಿದ, ಹಳೇ ಪೈಪೊಂದನ್ನು ಕತ್ತರಿಸಿ ಗೋಡೆಗೆ ಹಿಡಿಕೆ ಕೂರಿಸಿದ, ಒಂದು ಬಲ್ಬೂ ಹಾಕಿದ.

ಕಾವಲಿಗೆಂದು ತಾನೂ ಜೊತೆಗೆ ನಡೆದ. ಎರಡನೇ ದಿನವೇ ಅವನ ಮೊಣಕಾಲು ಕಟಕಟ ಎಂದಿತು.

“ಯಾವ ಬೇರಿಂಗ್ರಿ ಅದು?” ಎಂದಳು ದ್ಯಾಮಮ್ಮ.

ಮೂರನೇ ವಾರ ಅವಳ ತೊಡೆ ಹಿಡಿದುಕೊಂಡಿತು. ಏಕಾಂತಪ್ಪನ ಹಳೇ ಭಯ ಎದ್ದು ಕೂತಿತು. “ಸಾಕು ಬಿಡೆ. ನಾಳೆಯಿಂದ ಬ್ಯಾಡ.”

“ಮದುವೆಯಾದ ಹೊಸತರಲ್ಲಿ ಶೇಂಗಾ ಹೊಲದಾಗೆ ಕಳೆ ಕಿತ್ತಾಗ್ಲೂ ತೊಡೆ ಹಿಂಗೇ ನೋಯ್ತಿತ್ತು. ಆಗ ಯಾರೂ ಕುರ್ಚಿ ತರಲಿಲ್ಲ!”

ಮಂಗಳಾ ಬಂದು ನೋಡಿದಳು. “ಹೊಸ ಕೆಲ್ಸಕ್ಕೆ ಸ್ನಾಯು ನೋಯ್ತೈತೆ, ಎರಡು ದಿನಕ್ಕೆ ಹೋಗ್ತೈತೆ. ಬೆನ್ನಲ್ಲಿ ಚುಚ್ಚಿದಂಗೆ ನೋವು ಬಂದ್ರೆ, ತಲೆ ಸುತ್ತಿದ್ರೆ ಮಾತ್ರ ನಿಲ್ಸಿ ಡಾಕ್ಟರ ಹತ್ರ ಹೋಗ್ರಿ. ಕಾಲಿಗೆ ಬಲ ಎರಡು ಮೂರು ತಿಂಗ್ಳಿಗೆ ಬರ್ತೈತೆ. ಮೂಳೆ ಸೋಮಾರಿ, ಅದು ಗಟ್ಟಿಯಾಗಾಕೆ ವರ್ಷ ಹಿಡೀತೈತೆ. ನಡುವೆ ಬಿಟ್ರೆ ಗಳಿಸಿದ್ದೂ ಕರಗ್ತೈತೆ.”

ಏಳನೇ ತಿಂಗಳಿಗೆ ಹೊಳಲ್ಕೆರೆಯಲ್ಲಿ ದಿವ್ಯಾಳ ಸೀಮಂತ. ಹೆಂಗಸರೆಲ್ಲ ಚಾಪೆಯ ಮೇಲೆ ಕೂತಿದ್ದರು. ಮಡಿಲಕ್ಕಿ ಹಾಕುವ ಹೊತ್ತು ಬಂದಾಗ ದ್ಯಾಮಮ್ಮ ತಟ್ಟೆ ಹಿಡಿದು, ನೆಲಕ್ಕೆ ಕೈ ಊರದೆ, ಸರಕ್ಕನೆ ಎದ್ದು ನಿಂತಳು. ಏಕಾಂತಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದ.

ದಿವ್ಯಾಳ ಅತ್ತೆ ಕಣ್ಣರಳಿಸಿದಳು. “ನಮ್ಮನ್ನ ಎಬ್ಬಿಸಾಕೆ ಇಬ್ಬರು ಬೇಕು ಬೀಗರೇ. ಯಾವ ಮಾತ್ರೆ ಅದು?”

“ಮಾತ್ರೆ ನುಂಗಿ ಅರ್ಧ ಗಂಟೆ ದಾರೀನೂ ನುಂಗ್ತೀನಿ ಕಣ್ರಿ, ದಿನಾ.”

ಎಲ್ಲರೂ ನಕ್ಕರು. ಅತ್ತೆ ಸೊಸೆಯ ಬೆನ್ನು ಸವರಿ, “ಕರ್ಕಂಡು ಹೋಗ್ರಿ ನಿಮ್ಮ ಮಗಳನ್ನ. ನಮಗೀಗ ಧೈರ್ಯ ಬಂತು” ಎಂದಳು. ದಿವ್ಯಾ ಕಣ್ಣೊರೆಸಿಕೊಂಡಳು. ಏಕಾಂತಪ್ಪ ಹೊರಗೆ ಹೋಗಿ, ಬೆವರೊರೆಸುವ ನೆಪದಲ್ಲಿ ಟವೆಲಿನಲ್ಲಿ ಮುಖವನ್ನೆಲ್ಲ ತಿಕ್ಕಿಕೊಂಡ.

ಹೆಣ್ಣು ಕೂಸು ಹುಟ್ಟಿತು. ಡಾಕ್ಟರು ಮತ್ತೊಮ್ಮೆ ನೋಡಿ ದ್ಯಾಮಮ್ಮನಿಗೆ “ಆಗಲಿ” ಎಂದಿದ್ದರು. ಹೊಕ್ಕುಳು ಉದುರಿ ಒಣಗಿದ ಮೇಲೆ ಮೊದಲ ನೀರು. ದ್ಯಾಮಮ್ಮ ಬಚ್ಚಲ ಗೋಡೆಗೆ ಬೆನ್ನು ಕೊಟ್ಟು ಕಾಲು ನೀಡಿ ಕೂತಳು, ಕೂಸನ್ನು ಕಾಲಮೇಲೆ ಮಲಗಿಸಿಕೊಂಡಳು. ಉಗುರುಬೆಚ್ಚನೆಯ ನೀರು ತೋಡಿ ಕೊಟ್ಟವನು ಏಕಾಂತಪ್ಪ. ಕೂಸು ಊರೆಲ್ಲ ಕೇಳುವಂತೆ ಚೀರಿತು. “ಆಯ್ತವ್ವ, ಆಯ್ತು ನನ್ನ ಬಂಗಾರಿ, ಎಷ್ಟು ದೊಡ್ಡ ಬಾಯಿ ನಿಂದು, ನಿಮ್ಮ ತಾತಂದೇ” ಎನ್ನುತ್ತ ದ್ಯಾಮಮ್ಮ ಎರೆದಳು, ಒರೆಸಿದಳು, ಬೆಚ್ಚಗೆ ಸುತ್ತಿದಳು. ಆಮೇಲೆ ಕೂಸನ್ನು ಮಗಳ ಕೈಗಿತ್ತು, ಹಿಡಿಕೆ ಹಿಡಿದು ಎದ್ದಳು. ಮತ್ತೆ ಕೂಸನ್ನು ಎದೆಗವುಚಿಕೊಂಡು ಅಂಗಳದ ಎಳೆಬಿಸಿಲಿಗೆ ನಡೆದಳು.

ಏಕಾಂತಪ್ಪನ ಎರಡೂ ಕೈ ತಾವಾಗಿಯೇ ಮುಂದೆ ಚಾಚಿದವು. ಅವಳು ನಡೆಯುವುದನ್ನು ನೋಡಿದ. ಹೆಜ್ಜೆ ಗಟ್ಟಿಯಾಗಿ ಬೀಳುತ್ತಿತ್ತು. ನಿಧಾನಕ್ಕೆ ಕೈ ಇಳಿಸಿದ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಒಬ್ಬರು ಬಿದ್ದು ಎದ್ದವರಿರಬಹುದು. ಅವರ ಮೇಲೆ ನಿಮಗೆ ಪ್ರೀತಿಯಿದ್ದರೆ ಡಾಕ್ಟರನ್ನು ಕೇಳಿ ಅವರನ್ನು ನಡೆಸಿ. ಐವತ್ತು ದಾಟಿದ ಮೇಲೆ ಸುಮ್ಮನೆ ಜಾರಿ ಬಿದ್ದದ್ದಕ್ಕೇ ಮೂಳೆ ಮುರಿದರೆ ಮೂಳೆಯ ಪರೀಕ್ಷೆ ಮಾಡಿಸಿ, ಗಂಡಸರಾದರೂ ಸರಿ. ಮನೆಗೆಲಸ ಮಾಡ್ತೀವಲ್ಲ ಎಂದು ಬಿಡಬೇಡಿ. ದಿನವೂ ಅದೇ ಭಾರಕ್ಕೆ ಮೂಳೆ ಒಗ್ಗಿಹೋಗುತ್ತದೆ, ಅದಕ್ಕೆ ಚೂರು ಹೊಸ ಕೆಲಸ ಬೇಕು. ಹೆಣ್ಣುಮಕ್ಕಳು ಕುಂಟೆಬಿಲ್ಲೆ ಆಡುತ್ತ ಕುಣಿದರೆ ಗದರಬೇಡಿ, ಮೂಳೆಯನ್ನು ಗಳಿಸಿಕೊಳ್ಳುವ ವಯಸ್ಸದು. ಅನುಮಾನವಿದ್ದರೆ ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿ.

ಓದಿ ಮುಗಿಯಿತಲ್ಲ? ಈ ಹಾಳೆಯನ್ನು ಯಾರ ಕೈಲೂ ಕಳಿಸಬೇಡಿ. ನೀವೇ ಎದ್ದು, ನಡೆದುಕೊಂಡು ಹೋಗಿ ಪಕ್ಕದ ಮನೆಯವರಿಗೆ ಕೊಟ್ಟು ಬನ್ನಿ. ಇವತ್ತಿನ ಮೊದಲ ನೂರು ಹೆಜ್ಜೆ ಅಲ್ಲಿಗೆ ಆಯಿತು.