ಬೀಗದ ಯಜಮಾನರ ಹೊಸ ಫೋನು

ಬೀಗದ ಯಜಮಾನರು ತೆರೆಯಲಾರದ ಬೀಗವಿಲ್ಲ ಎಂದು ಇಡೀ ಪೇಟೆಗೆ ಗೊತ್ತಿತ್ತು. ಯಜಮಾನರಿಗೂ ಗೊತ್ತಿತ್ತು, ತೊಂದರೆ ಇದ್ದದ್ದೇ ಅಲ್ಲಿ. ಮೆಟ್ಟಿಲ ಕೆಳಗಿನ ಅವರ ಅಂಗಡಿಯಲ್ಲಿ ಇಬ್ಬರು ನಿಂತರೆ ಮೂರನೆಯವರು ಬೀದಿಗೆ ಬೀಳಬೇಕು. ಅಲ್ಲೇ ನಲವತ್ತು ವರ್ಷ ಕೂತು, ಕೀಲಿಕೈ ಉಜ್ಜಿ ಉಜ್ಜಿ, ಅವರ ಹತ್ತು ಬೆರಳಿನ ತುದಿಯೂ ನುಣ್ಣಗಾಗಿ ಹೋಗಿತ್ತು.

ಕಸುಬಿನಲ್ಲಿ ಅವರಿಗೆ ಮೂರು ನೇಮ. ಬೀಗದ ಒಡೆಯರು ಎದುರಿಗೆ ನಿಂತು ಹೇಳದೆ ಯಾವ ಬೀಗಕ್ಕೂ ಕೈ ಹಚ್ಚಬಾರದು. ನಂಬರಿನ ಬೀಗವಾದರೆ, ಗಿರಾಕಿ ನಂಬರು ಕೂರಿಸುವಾಗ ಬೆನ್ನು ತಿರುಗಿಸಿ ನಿಲ್ಲಬೇಕು. ನಂಬರನ್ನು ಯಾರೂ ಬಾಯಿಬಿಟ್ಟು ಹೇಳಬಾರದು, ಗೋಡೆಗೂ ಕಿವಿ ಇರುತ್ತದೆ. ಮನೆಯವರಿಗೂ ಇದನ್ನೇ ಹೇಳಿ ಹೇಳಿ ಬಾಯಿಪಾಠ ಮಾಡಿಸಿದ್ದರು. ಮಗ ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟಿದ್ದ. ಎರಡು ವರ್ಷದ ಹಿಂದೆ ಮನೆಗೆ ಬಂದ ಸೊಸೆ ಮಾತ್ರ ಅಚ್ಚುಕಟ್ಟಾಗಿ ಪಾಲಿಸುತ್ತಿದ್ದಳು. ಅದೇ ಮುಳುವಾಯಿತು.

ಆ ಸೊಸೆಯೇ ಒಂದು ಭಾನುವಾರ ಸಂಜೆ ಹೊಸ ಫೋನು ತಂದು ಮಾವನ ಮುಂದಿಟ್ಟಳು. ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಅವಳ ಕೆಲಸ. ಮರುದಿನ ಬೆಳಿಗ್ಗೆ ಬೇರೆ ಊರಿಗೆ ಒಂದು ವಾರದ ತರಬೇತಿಗೆ ಹೊರಟವಳು, ಅಷ್ಟರೊಳಗೆ ಮಾವನಿಗೆ ಇದನ್ನು ಕಲಿಸಿಯೇ ಹೋಗಬೇಕೆಂದು ಪಟ್ಟು ಹಿಡಿದು ಕೂತಳು.

ಪರದೆ ಬೆಳಗಿ, ಹತ್ತು ಭಾಷೆಗಳಲ್ಲಿ ನಮಸ್ಕಾರ ಹೇಳಿತು. ಯಜಮಾನರೂ ಮರ್ಯಾದೆಗೆ "ನಮಸ್ಕಾರಪ್ಪ" ಎಂದರು. ಆಮೇಲೆ ಅದು ಒಂದೊಂದಾಗಿ ಕೇಳತೊಡಗಿತು: ಕ್ಯಾಮೆರಾ ಬಳಸಬಹುದೇ, ಮೈಕು ಬಳಸಬಹುದೇ, ನೀವಿರುವ ಜಾಗ ತಿಳಿಯಬಹುದೇ, ಟಾರ್ಚು ನಿಮ್ಮ ಫೋಟೋ ನೋಡಬಹುದೇ. ಯಜಮಾನರಿಗೆ ಇದು ಬಹಳ ಹಿಡಿಸಿತು.

"ನೋಡಮ್ಮ, ಒಳಗೆ ಬರಲಾ ಅಂತ ಕೇಳಿ ಬರುತ್ತೆ. ಎಷ್ಟು ಜನಕ್ಕಿದೆ ಈ ಬುದ್ಧಿ?"

"ಎಲ್ಲದಕ್ಕೂ ಹೂಂ ಅನ್ನಬಾರದು ಮಾವ. ಟಾರ್ಚಿಗೆ ನಿಮ್ಮ ಫೋಟೋ ಯಾಕೆ ಬೇಕು, ಹೇಳಿ?"

"ಅದೂ ಸರಿ. ಲಾಂದ್ರಕ್ಕೆ ಕನ್ನಡಿ ಯಾಕೆ? ಬೇಡ ಅಂತ ಒತ್ತು."

ಹಿಂದಕ್ಕೆ ಹೋಗುವ ಗುಂಡಿ ಎಲ್ಲಿ ಎಂದು ಹುಡುಕಿದರು. ಹೊಸ ಸಿಸ್ಟಮ್ಮಿನಲ್ಲಿ ಗುಂಡಿಯೇ ಇಲ್ಲ, ಅಂಚಿನಿಂದ ಒಳಕ್ಕೆ ಸವರಬೇಕು ಎಂದಳು ಸೊಸೆ. ಸವರಿದರು. ಮುಂದಿದ್ದದ್ದೆಲ್ಲ ಮಾಯ. ಕೆಳಗಿನಿಂದ ಮೇಲೆ ತಳ್ಳಿದರು, ಮತ್ತೇನೋ ಬಂತು. ಒಂದು ಗಂಟೆ ಈ ಕಸರತ್ತು ನಡೆಯಿತು. ಸೊಸೆ ಒಮ್ಮೆಯೂ ಸಿಡುಕಲಿಲ್ಲ, ಬಿದ್ದು ಬಿದ್ದು ನಕ್ಕಳು ಅಷ್ಟೆ. ಹೆಂಡತಿ ತೀರಿಹೋದ ಮೇಲೆ ತಟ್ಟೆಯ ಸದ್ದು ಬಿಟ್ಟರೆ ಬೇರೆ ಸದ್ದಿರದಿದ್ದ ಮನೆ ಅದು. ಈ ನಗು ಕೇಳುವುದೆಂದರೆ ಯಜಮಾನರಿಗೆ ಪ್ರಾಣ.

ಬೆರಳಚ್ಚಿನ ಸರದಿ ಬಂತು. ಬಲಗೈ ಆಯಿತು, ಎಡಗೈ ಆಯಿತು, ನುಣ್ಣನೆಯ ಒಂದು ಬೆರಳನ್ನೂ ಫೋನು ಗುರುತಿಸಲಿಲ್ಲ. ಕೊನೆಗೆ ಸೊಸೆ, "ಹಾಗಾದ್ರೆ ನಂಬರೇ ಇಡೋಣ. ಒತ್ತುತೀನಿ, ನೋಡ್ಕೊಳ್ಳಿ. ಬಾಯಲ್ಲಿ ಹೇಳಲ್ಲ" ಎಂದಳು.

ನಂಬರು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಯಜಮಾನರು ಕುರ್ಚಿಯಲ್ಲೇ ಬೆನ್ನು ತಿರುಗಿಸಿ, ಗೋಡೆಯ ಗಡಿಯಾರ ನೋಡುತ್ತ ಕೂತರು. ನಲವತ್ತು ವರ್ಷದ ಅಭ್ಯಾಸ, ತಲೆಯನ್ನು ಕೇಳಿ ಮಾಡುವಂಥದ್ದಲ್ಲ. ಸೊಸೆ ತಲೆ ತಗ್ಗಿಸಿ ನಾಲ್ಕು ಅಂಕಿ ಎರಡು ಸಲ ಒತ್ತಿ, "ಆಯ್ತಾ?" ಎಂದಳು. "ಆಯ್ತಮ್ಮ" ಎಂದು ತಿರುಗಿದರು, ಗಿರಾಕಿಗಳಿಗೆ ಹೇಳುವ ಹಾಗೆಯೇ.

ಫೋನು ಕೈಗೆ ಕೊಡುವಾಗ ಅವಳು ಧ್ವನಿ ತಗ್ಗಿಸಿದಳು. "ಮಾವ, ಅಲ್ಲಿಂದ ನಿಮಗೊಂದು ಮೆಸೇಜ್ ಕಳಿಸ್ತೀನಿ. ಒಂದು ವಿಷಯ ಕೇಳಬೇಕು, ಎದುರಿಗೆ ಕೇಳೋಕೆ ಧೈರ್ಯ ಇಲ್ಲ. ಓದಿ, ಯೋಚನೆ ಮಾಡಿ, ಶನಿವಾರದೊಳಗೆ ಹೇಳಿ. ಇವರಿಗೆ ಹೇಳಬೇಡಿ."

ಸೋಮವಾರ ಮಧ್ಯಾಹ್ನ ಅಂಗಡಿಯಲ್ಲಿ ಫೋನು ಟಿಣ್ ಎಂದಿತು. ಸೊಸೆಯಿಂದ ಒಂದು ಸಂದೇಶ ಬಂದಿದೆ, ನೋಡಬೇಕಾದರೆ ನಂಬರು ಒತ್ತಿ ಎಂದಿತು. ಯಾವ ನಂಬರು? ಆ ಹೊತ್ತಿಗೆ ಗೋಡೆಯ ಗಡಿಯಾರ ನೋಡುತ್ತ ಕೂತಿದ್ದು ಯಜಮಾನರಿಗೆ ಆಗ ನೆನಪಾಯಿತು. ಊರಿನ ಬೀಗವೆಲ್ಲ ತೆರೆದವರು ತಮ್ಮದೇ ಫೋನಿನ ಹೊರಗೆ ನಿಂತಿದ್ದರು. ದೀಪದ ಬುಡದಲ್ಲೇ ಕತ್ತಲೆ ಎನ್ನುವುದು ಇದಕ್ಕೇ.

ಮನೆ ನಂಬರಿನಿಂದ ಹಿಡಿದು ತೋಚಿದ್ದನ್ನೆಲ್ಲ ಒತ್ತಿದರು. ಫೋನು ಮೊದಲು ಅರ್ಧ ನಿಮಿಷ ಕಾಯಿ ಎಂದಿತು, ಆಮೇಲೆ ಐದು ನಿಮಿಷ ಎಂದಿತು. ಲಂಚಕ್ಕೂ ಬಗ್ಗದ, ತಂತಿಗೂ ಬಗ್ಗದ ಬೀಗ. ಬೇರೆ ಹೊತ್ತಿನಲ್ಲಾಗಿದ್ದರೆ ಅದಕ್ಕೆ ಕೈ ಮುಗಿಯುತ್ತಿದ್ದರು.

ಮಗನ ಫೋನಿನಿಂದ ಸೊಸೆಗೆ ಕರೆ ಮಾಡಿ ಕೇಳಿದ್ದರೆ ಎರಡು ನಿಮಿಷದ ಕೆಲಸ, ನಿಜ. ಆದರೆ ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದು. ಅದಕ್ಕಿಂತ ದೊಡ್ಡದು ಇನ್ನೊಂದಿತ್ತು, ಅದನ್ನು ಯಜಮಾನರು ತಮಗೆ ತಾವೇ ಹೇಳಿಕೊಳ್ಳಲು ಬುಧವಾರದವರೆಗೆ ತಡೆದರು. ಆ ಪ್ರಶ್ನೆ ಏನೆಂದು ಅವರು ಊಹಿಸಿದ್ದರು. ಪಕ್ಕದ ಮನೆಯ ಮಗ ಸೊಸೆ ಹೋದ ತಿಂಗಳು ಬೇರೆ ಮನೆ ಮಾಡಿದ್ದರು. ಇವರ ಮಗ ಸೊಸೆಯೂ ಒಂದೆರಡು ಸಲ ಏನೋ ಮಾತಾಡುತ್ತಿದ್ದು, ಇವರು ಒಳಗೆ ಬಂದ ಕೂಡಲೇ ಸುಮ್ಮನಾಗಿದ್ದರು. ಎದುರಿಗೆ ಕೇಳಲಾಗದ್ದು, ಕೇಳಿದ್ದು ಗಂಡನಿಗೂ ತಿಳಿಯಬಾರದ್ದು ಇನ್ನೇನಿರುತ್ತದೆ? ನಾವು ಬೇರೆ ಹೋಗಲಾ ಎಂದು ಕೇಳಿರುತ್ತಾಳೆ. ಬೇಡ ಎನ್ನಲು ತಾವು ಯಾರು? ಹೂಂ ಎಂದರೆ ಮನೆಯಲ್ಲಿ ಮತ್ತೆ ತಟ್ಟೆಯ ಸದ್ದೊಂದೇ. ಜೀವಮಾನದಲ್ಲಿ ಮೊದಲ ಸಲ ಒಂದು ಬೀಗ ಮುಚ್ಚಿಯೇ ಇರಲಿ ಎಂದು ಅವರಿಗೆ ಅನ್ನಿಸಿತು. ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ.

ಗುರುವಾರ ಫೋನು ಮತ್ತೊಮ್ಮೆ ಟಿಣ್ ಎಂದಿತು. ಯಜಮಾನರು ತಡೆಯಲಾರದೆ ಮೂಲೆಯ ಮೊಬೈಲ್ ರಿಪೇರಿಯಾಕೆಯ ಹತ್ತಿರ ಹೋದರು. ಹೋದ ವರ್ಷ ಅವಳ ಕಬ್ಬಿಣದ ಶಟರಿನ ಬೀಗ ತೆಗೆದುಕೊಟ್ಟವರು ಇವರೇ.

"ತೆಗೀಬಹುದು ಯಜಮಾನ್ರೇ. ಆದ್ರೆ ಒಳಗಿರೋದೆಲ್ಲ ಅಳಿಸಿ ಹೋಗುತ್ತೆ. ಮತ್ತೆ ನಮಸ್ಕಾರದಿಂದ ಶುರು."

"ಮೆಸೇಜೂ ಹೋಗುತ್ತಾ?"

"ಎಲ್ಲಾನೂ."

ಯಜಮಾನರು ಫೋನನ್ನು ಅವಳ ಕೈಯಿಂದ ಕಿತ್ತುಕೊಂಡೇ ಬಿಟ್ಟರು. "ಇಲಿ ಕಾಟಕ್ಕೆ ಮನೆಗೇ ಬೆಂಕಿ ಹಚ್ಚೋದಾ? ಬೇಡ ತಾಯಿ." ಓದಲು ಹೆದರುತ್ತಿದ್ದ ಸಂದೇಶವನ್ನು ಕಳೆದುಕೊಳ್ಳಲೂ ತಮಗೆ ಮನಸ್ಸಿಲ್ಲ ಎಂದು ಅಲ್ಲಿ ತಿಳಿಯಿತು.

ಶನಿವಾರ ಮಧ್ಯಾಹ್ನ ಮಗ ಪ್ರಿಂಟಿಂಗ್ ಪ್ರೆಸ್ಸಿನಿಂದ ಊಟಕ್ಕೆ ಬಂದ. ತಟ್ಟೆ ಇಡುತ್ತ, "ಯಾಕೋ ಗೊತ್ತಿಲ್ಲಪ್ಪ, ಈ ವಾರ ಅವಳ ಧ್ವನಿಯೇ ಸರಿಯಿಲ್ಲ. ದಿನಾ ಫೋನ್ ಮಾಡಿದಾಗ, ಮಾವ ಏನಾದ್ರೂ ಅಂದ್ರಾ ಅಂತ ಕೇಳ್ತಾಳೆ. ಏನೂ ಅನ್ನಲಿಲ್ಲ ಅಂದ್ರೆ ಸುಮ್ಮನಾಗಿಬಿಡ್ತಾಳೆ" ಎಂದ.

ಬಡಿಸಲು ಎತ್ತಿದ ಸೌಟನ್ನು ಯಜಮಾನರು ಕೆಳಗಿಟ್ಟರು. ತಮ್ಮ ಮೀಸೆ ಕಾಯಲು ಹೋಗಿ ಆ ಹುಡುಗಿಯನ್ನು ಒಂದು ವಾರ ಬೇಯಿಸಿದ್ದರು. ನಾಚಿಕೆಯಾಯಿತು.

"ನಿನ್ನ ಫೋನ್ ಕೊಡು. ನೀನು ಬಡಿಸ್ಕೋ" ಎಂದು, ಅದನ್ನು ಹಿಡಿದು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತರು.

"ಅಮ್ಮಾ, ನಾನು. ನನ್ನ ಫೋನಿನ ಬೀಗ ತೆಗೆಯೋಕೆ ಬರ್ತಿಲ್ಲ. ಸೋಮವಾರದಿಂದ ನಾನು ಹೊರಗೇ ಇದ್ದೀನಿ."

"ನಿಮ್ಮ ಎದುರಿಗೇ ಒತ್ತಿದ್ನಲ್ಲ ಮಾವ?"

"ನೀನು ಒತ್ತುವಾಗ ನಾನು ಬೆನ್ನು ತಿರುಗಿಸಿದ್ದೆ."

"ಅಂದ್ರೆ ನೀವು ಓದೇ ಇಲ್ಲ?"

"ಒಂದು ಅಕ್ಷರಾನೂ ಇಲ್ಲ."

ನಕ್ಕಳೋ ಅತ್ತಳೋ ಎಂದು ಹೇಳಲಾಗದಂಥ ಸದ್ದು ಬಂತು. "ಹಾಗಾದ್ರೆ ಬಿಡಿ ಮಾವ. ನಾನು ಬಂದು ಅಳಿಸಿಬಿಡ್ತೀನಿ."

"ಬೀಗ ಹಾಕಿದವಳು ನೀನು. ನಿನ್ನ ಕೇಳಿಯೇ ತೆಗೀತೀನಿ. ನೀನು ಬೇರೆ ಮನೆ ಬೇಕು ಅಂದಿದ್ರೂ ಸರಿ, ಓದಬೇಕು ನಾನು. ಹೇಳು ನಂಬರು. ಮೆಲ್ಲಗೆ ಹೇಳು."

ಅವಳು ಅಷ್ಟು ದೂರದ ಊರಿನಿಂದ ಪಿಸುಗುಟ್ಟಿದಳು. ಆ ನಾಲ್ಕು ಅಂಕಿ ಯಾವುದೆಂದು ಇಲ್ಲಿ ಬರೆದರೆ ಯಜಮಾನರು ಸುಮ್ಮನಿರುವುದಿಲ್ಲ.

ಅವರು ಫೋನಿಟ್ಟು, ತಮ್ಮ ಫೋನು ತೆಗೆದು ಒತ್ತಿದರು. ತೆರೆಯಿತು.

"ಮಾವ, ನಾನು ಮಾತು ಕಲಿಯೋ ಮೊದಲೇ ನಮ್ಮಪ್ಪ ಹೋಗಿಬಿಟ್ಟರು. ಹಾಗಾಗಿ ಯಾರನ್ನೂ ಅಪ್ಪ ಅಂತ ಕರೆದಿಲ್ಲ. ನಿಮ್ಮನ್ನ ಕರೆಯಬೇಕು ಅಂತ ಎರಡು ವರ್ಷದಿಂದ ಅನ್ಕೊಳ್ತಾ ಇದ್ದೀನಿ, ಬಾಯಿ ಬರ್ತಿಲ್ಲ. ಭಾನುವಾರ ನೀವು ಬಾಗಿಲು ತೆಗೆದಾಗ ಕರೀಲಾ? ನಿಮಗೆ ಮುಜುಗರ ಆದ್ರೆ ಬೇಡ."

ಅದರ ಕೆಳಗೆ ಗುರುವಾರದ್ದು: "ಪರವಾಗಿಲ್ಲ ಮಾವ. ಕೇಳಿದ್ದನ್ನ ಮರೆತುಬಿಡಿ."

ಯಜಮಾನರು ಎರಡು ಸಲ ಓದಿದರು. ಮೂರನೆಯ ಸಲ ಅಕ್ಷರಗಳು ಕಲಸಿಹೋದವು, ಕನ್ನಡಕ ಒರೆಸಿದರೂ ಸರಿಹೋಗಲಿಲ್ಲ. ಉತ್ತರ ಬರೆಯಲು ಹೋದರೆ ಹೆಬ್ಬೆರಳು ಅಂಚಿಗೆ ತಾಗಿ ಪುಟವೇ ಮಾಯವಾಯಿತು. ಹಾಳಾಗಿ ಹೋಗಲಿ ಎಂದು ಅವಳ ಹೆಸರು ಹುಡುಕಿ ಕರೆ ಒತ್ತಿದರು.

ಒಂದೇ ರಿಂಗಿಗೆ ಎತ್ತಿಕೊಂಡಳು. ಒಳಗೆ ಮಗ ಲೋಟ ಇಟ್ಟ ಸದ್ದು ಕೇಳಿಸಿತು. ಯಜಮಾನರು ಗಂಟಲು ಸರಿಮಾಡಿಕೊಂಡರು.

"ಹಲೋ," ಎಂದರು. "ನಾನಮ್ಮ, ನಿಮ್ಮಪ್ಪ ಮಾತಾಡ್ತಿರೋದು."

ಆ ಕಡೆ ಮೂಗು ಏರಿಸಿದ ಸದ್ದು. ಆಮೇಲೆ ಬಹಳ ಮೆಲ್ಲಗೆ ಅವಳ ಧ್ವನಿ ಬಂತು.

"ಊಟ ಆಯ್ತಾ, ಅಪ್ಪಾ?"